ಯಲಗೂರಪ್ಪನವರಿಗೆ ಬೇಕಾದ ‘ಹೂಂ’

ಬಬಲೇಶ್ವರದ ತಾಯವ್ವನ ಪಡಸಾಲೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಂದೀಲಿನ ಸುತ್ತ ಏಳೆಂಟು ಹೆಂಗಸರು ಬಿತ್ತನೆಯ ಶೇಂಗಾ ಸುಲಿಯುತ್ತ ಕೂತಿದ್ದಾರೆ. ನಡುವೆ ಯಲಗೂರಪ್ಪನವರು ಬಟ್ಟೆಯ ಗಂಟು ಬಿಚ್ಚಿ, ಹೊಸ ಕಾದಂಬರಿಯೊಂದರ ಕೈಬರಹ ತೆಗೆಯುತ್ತಾರೆ. “ಹೂಂ ಅನ್ನೂದು ಮರೀಬ್ಯಾಡ್ರಿ ಬೇ,” ಎಂದು ಓದಲು ಶುರು ಮಾಡುತ್ತಾರೆ.

ಇದು ಎಪ್ಪತ್ನಾಲ್ಕರ ಬೇಸಿಗೆ. ಯಲಗೂರಪ್ಪನವರು ವಿಜಾಪುರದಿಂದ ತಿಕೋಟಾ, ಬಬಲೇಶ್ವರದ ಸಂತೆಗಳಿಗೆ ಸೈಕಲ್ಲಿನ ಮೇಲೆ ಪುಸ್ತಕ ಒಯ್ದು ಮಾರುವವರು. ಕುರಿ ಕಾಯುವವರ ಮನೆಯ ಮಗ, ಕಲಿತದ್ದು ನಾಲ್ಕನೇ ಇಯತ್ತೆ. ಸಿದ್ಧೇಶ್ವರ ಗುಡಿಯ ಹತ್ತಿರ ಅಂಗಡಿ ಇಟ್ಟಿರುವ ಪ್ರಕಾಶಕ ಶಿವಶರಣಪ್ಪನವರು ಹೊಸ ಲೇಖಕರ ಬರಹ ಬಂದರೆ ಮೊದಲು ಇವರ ಕೈಗೇ ಕೊಡುತ್ತಾರೆ. ಇವರು ಓದಬೇಕು, ಹೆಂಗಸರು ಹೂಂಗುಟ್ಟಬೇಕು. ಆ ಹೂಂ ಗಟ್ಟಿಯಾಗಿದ್ದರೆ ಬರಹ ಅಚ್ಚಿಗೆ ಹೋಗುತ್ತದೆ. ಬಿಸಿಲು, ಪಂಕ್ಚರು, ಬೆನ್ನುನೋವು ಇವರ ಪಾಲಿಗೆ. ಪುಸ್ತಕದಲ್ಲಿ ಮಾತ್ರ ಇವರ ಹೆಸರು ಎಲ್ಲಿಯೂ ಇಲ್ಲ.

ಹೊಸಬರಲ್ಲಿ ಏನು ಹುಡುಕುತ್ತೀರಿ ಎಂದರೆ ನಗುತ್ತಾರೆ. “ಕೆಲವರು ನಾಲ್ಕ ಹಾಳಿ ತನಕ ಬರೇ ಸೂರ್ಯನ್ನ ಹುಟ್ಟಸ್ತಾರ್ರಿ. ಮನಿಯಾಗ ಯಾರದಾರ, ಅವರಿಗೇನ ಬ್ಯಾನಿ, ಅದನ್ನ ಹೇಳೂದ ಇಲ್ಲ.” ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಅಂಥದ್ದನ್ನು ಓದಿದರೆ ಹೆಂಗಸರ ಹೂಂ ಆಕಳಿಕೆಯಾಗುತ್ತದಂತೆ. “ನಮ್ಮ ತಾಯವ್ವ ಕಥಿಯೊಳಗಿನವರ ಜೋಡಿ ಜಗಳಕ್ಕ ನಿಲ್ಲಬೇಕ್ರಿ. ಅಂದ್ರ ಅದು ಕಥಿ.”

ಇವತ್ತಿನದು ನಿಡೋಣಿಯ ಅಕ್ಕನಾಗಮ್ಮನ ಮೊದಲ ಕಾದಂಬರಿ. ಬೇರೆ ಊರಿನ ಪ್ರಕಾಶಕರೆಲ್ಲ ಒಲ್ಲೆ ಎಂದಿದ್ದಾರೆ. “ನೀವೂ ಒಲ್ಲೆ ಅಂದ್ರ ಒಲಿಗೆ ಹಾಕ್ತೀನ್ರಿ. ಮತ್ತ ಬರಿಯೂದ ಇಲ್ಲ,” ಎಂದು ಶಿವಶರಣಪ್ಪನವರ ಅಂಗಡಿಯಲ್ಲಿ ಕೊಟ್ಟು ಹೋಗಿದ್ದಾಳೆ. ಹುಡುಗಿ ಆಡಿದಂತೆ ಮಾಡುವವಳು ಎಂಬ ಭಯ ಯಲಗೂರಪ್ಪನವರಿಗಿದೆ.

ಕಥೆಯಲ್ಲಿ, ವರ್ಷಗಟ್ಟಲೆ ಸೊಸೆಯನ್ನು ಬಡಿದ ಅತ್ತೆ ಲಕ್ವಾ ಹೊಡೆದು ಮಲಗಿದ್ದಾಳೆ. ಸೊಸೆ ನುಚ್ಚಿನ ತುತ್ತನ್ನು ಅವಳ ಬಾಯಿಯವರೆಗೆ ಒಯ್ದು, ಅಲ್ಲಿಯೇ ಹಿಡಿದಿದ್ದಾಳೆ. ಓದುತ್ತಲೇ ಯಲಗೂರಪ್ಪನವರು ಹೂಂಗಾಗಿ ಕಿವಿಗೊಡುತ್ತಾರೆ. ಒಂದು ಹೂಂ ಕೂಡ ಇಲ್ಲ. ಇಷ್ಟು ವರ್ಷಗಳಲ್ಲಿ ಹೀಗಾದದ್ದೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಪಾಪ ಹುಡುಗಿ, ಎಂದುಕೊಂಡು ಹಾಳೆ ಮುಚ್ಚುತ್ತಾರೆ.

“ಯಾಕ ಮುಚ್ಚಿದ್ಯೋ?” ತಾಯವ್ವ ಗದರುತ್ತಾಳೆ. “ಆಕಿ ಬಾಯಾಗ ತುತ್ತ ಇಟ್ಟಳೋ ಇಲ್ಲೋ?”

“ಹೂಂ ಅನ್ನಲಿಲ್ಲಲ್ಲ ಬೇ ನೀವು?”

“ಉಸರ ಆಡಿದ್ರ ಅಲ್ಲೇನ ಹೂಂ ಅನ್ನೂದು! ಓದ ಮೊದಲ.”

ಯಲಗೂರಪ್ಪನವರು ತಲೆ ಎತ್ತಿ ನೋಡುತ್ತಾರೆ. ಶೇಂಗಾ ಸುಲಿಯುವ ಕೈಗಳೆಲ್ಲ ನಿಂತಿವೆ. ಹಳ್ಳಿಯಲ್ಲೇ ಬೆಳೆದ ಹೆಣ್ಣೊಬ್ಬಳು ಬರೆದ ಅಕ್ಷರಕ್ಕೆ ಇಂಥ ಶಕ್ತಿ ಎಲ್ಲಿಂದ ಬಂತು? ಮುಚ್ಚಿದ ಹಾಳೆ ಮತ್ತೆ ತೆರೆದು ಮುಂದೆ ಓದುತ್ತಾರೆ.

ಮಧ್ಯಾಹ್ನ ವಿಜಾಪುರದ ಅಂಗಡಿಯಲ್ಲಿ ಶಿವಶರಣಪ್ಪನವರು ತಲೆ ಎತ್ತದೆ ಕೇಳುತ್ತಾರೆ: “ಹೂಂ ಹೆಂಗ ಬಿತ್ತೋ?”

“ಒಂದೂ ಬೀಳಲಿಲ್ರಿ.”

ಶಿವಶರಣಪ್ಪನವರು ಕೈಬರಹವನ್ನು ಬದಿಗೆ ಸರಿಸುತ್ತಾರೆ. ಯಲಗೂರಪ್ಪನವರು ಅದರ ಮೇಲೆ ಕೈಯಿಟ್ಟು ತಡೆಯುತ್ತಾರೆ.

“ಒಂದೂ ಬೀಳಲಿಲ್ಲ ಅಂತನ ಹೇಳಾಕತ್ತೇನ್ರಿ ಯಪ್ಪಾ. ಅಚ್ಚಿಗೆ ಕೊಡ್ರಿ.”