ಸಾರವಾಡದ ಕಸ್ತೂರಕ್ಕನಿಗೆ ನಾನು ಅಂದ ‘ಹ್ಞೂಂ’

ಕಸ್ತೂರಕ್ಕ, ಆ ಹುಡುಗಿ ಡಾಕ್ಟರ್ ಆಗಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗುವುದು ಬೇಡ ಅಂತ ಅವಳು ಹೇಳಿಯೂ ಇರಲಿಲ್ಲ. ಅವಳು ಹೇಳಿದ್ದು ಒಂದು, ನಾನು ನಿಮಗೆ ಮುಟ್ಟಿಸಿದ್ದು ಇನ್ನೊಂದು — ತಿಳಿಯದೆ ಅಲ್ಲ, ತಿಳಿದೇ. ನಿಮ್ಮ ಬಲಗಾಲು ಹೋದದ್ದು ಅದರಿಂದ. ಇಷ್ಟನ್ನು ಹೇಳಲಿಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಇದನ್ನು ನಿಮ್ಮ ಮಗಳು ಓದಿ ಹೇಳುತ್ತಾಳೆ ಅಂದುಕೊಂಡಿದ್ದೇನೆ. ನಡುವೆ ಸಿಟ್ಟು ಬಂದು ಅವಳು ನಿಲ್ಲಿಸಿದರೆ, ದಯವಿಟ್ಟು ಪೂರ್ತಿ ಓದಿಸಿಕೊಳ್ಳಿ. ನನಗಾಗಿ ಅಲ್ಲ, ನಿಮ್ಮ ಮೇಲೆ ಒಂದು ಸುಳ್ಳು ಅಪವಾದ ಇದೆ, ಅದು ಇಳಿಯಬೇಕು.

ನೀವು ನನ್ನನ್ನು ‘ಫಾರಿನ್ ಸರ್’ ಅನ್ನುತ್ತಿದ್ದಿರಿ. ಫಾರಿನ್ನಿನ ಮುಖವನ್ನೇ ನಾನು ನೋಡಿಲ್ಲ. ಔಷಧಿ ಕಂಪನಿಯ ಚೀಲ ಹೆಗಲಿಗೆ ಹಾಕಿಕೊಂಡು ಡಾಕ್ಟರರ ಬಾಗಿಲಲ್ಲಿ ಕಾಯುತ್ತಿದ್ದವನು. ಹೊರದೇಶದ ಒಂದು ಸಂಸ್ಥೆಗೆ ಈ ಭಾಗದ ಡಾಕ್ಟರರ ಪರಿಚಯ ಇರುವ, ಇಂಗ್ಲಿಷ್ ಬಲ್ಲ ಮನುಷ್ಯ ಬೇಕಾಗಿದ್ದ. ನಾನು ಸಿಕ್ಕೆ. ವಿಜಯಪುರದ ಸ್ಟೇಷನ್ ರಸ್ತೆಯ ಬೇಕರಿಯ ಮೇಲಿನ ಕೋಣೆ ನನ್ನ ಆಫೀಸಾಯಿತು, ತೊರವಿಯಲ್ಲಿ ಹಿಡಿದ ಬಾಡಿಗೆ ಮನೆ ಸಂಸ್ಥೆ ಕಳಿಸುವ ಹುಡುಗ ಹುಡುಗಿಯರ ವಸತಿಯಾಯಿತು.

ಕೆಲಸ ಏನೆಂದರೆ — ಆ ದೇಶಗಳಲ್ಲಿ ಡಾಕ್ಟರಿಕಿ ಓದಬೇಕು ಅನ್ನುವವರು ಸೀಟು ಕೇಳುವ ಮೊದಲು ಆಸ್ಪತ್ರೆಯಲ್ಲಿ ಯಾರಾದರೂ ಡಾಕ್ಟರರ ಬೆನ್ನ ಹಿಂದೆ ನಿಂತು ನೋಡಿರಬೇಕಂತೆ. ಬರೀ ನೋಡುವುದು. ರೋಗಿಯನ್ನು ಮುಟ್ಟುವಂತಿಲ್ಲ, ಔಷಧಿ ಹೇಳುವಂತಿಲ್ಲ, ಸಲಹೆ ಕೊಡುವಂತಿಲ್ಲ. ಅವರ ಬ್ಯಾಚುಗಳನ್ನು ಕರೆದುಕೊಂಡು ನಾನು ವಿಜಯಪುರ, ತಿಕೋಟಾ, ಬಬಲೇಶ್ವರ ಅಂತ ತಿರುಗುತ್ತಿದ್ದೆ. ಪ್ರತಿ ರೋಗಿಯ ಮುಂದೆಯೂ ‘ನಾನು ಕಲಿಯುವವಳು, ಇಲ್ಲಿ ನಿಲ್ಲಬಹುದೇ’ ಎಂದು ಕೇಳಬೇಕು, ಬೇಡ ಅಂದರೆ ಹೊರಗೆ ಹೋಗಬೇಕು. ಇದು ಸಂಸ್ಥೆಯ ಮೊದಲನೇ ನಿಯಮ. ಆ ಮಕ್ಕಳು ತಪ್ಪದೆ ಕೇಳುತ್ತಿದ್ದರು, ಇಂಗ್ಲಿಷಿನಲ್ಲಿ. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನಿಯಮ ಸತ್ತದ್ದು ನನ್ನ ಬಾಯಲ್ಲಿ.

ಮೊದಲನೇ ಬ್ಯಾಚಿನಲ್ಲೇ ಸತ್ತಿತು. ತಿಕೋಟಾದ ಒಂದು ಸಣ್ಣ ಆಸ್ಪತ್ರೆಯಲ್ಲಿ, ಬಸುರಿ ಸೊಸೆಯನ್ನು ಕರೆತಂದಿದ್ದ ಅತ್ತೆ ನನ್ನ ಹುಡುಗಿಯರನ್ನು ಕಂಡು ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು. “ಯಾರ್ರೀ ಇವ್ರು? ನೋಡಾಕ ಬಂದಾರಂತ! ನನ್ನ ಸೊಸಿ ಏನ್ ಸಿನಿಮಾ ಏನ್ರಿ?” ಹೊರಗಿನ ಬೆಂಚಿನವರೆಲ್ಲ ನಕ್ಕರು. ನಾನು ಗಾಬರಿಯಲ್ಲಿ, “ಇವ್ರು ಡಾಕ್ಟರ್ರು ಬೇ, ಫಾರಿನ್ ಡಾಕ್ಟರ್ರು” ಅಂದುಬಿಟ್ಟೆ. ಗಲಾಟೆ ಮುಗಿಯಿತು. ಸೆರಗು ಇಳಿಯಿತು, ಕುರ್ಚಿ ಬಂತು, ಚಹಾ ಬಂತು. ಹುಡುಗಿಯರು ಇಲ್ಲಿನ ಜನ ಎಷ್ಟು ಒಳ್ಳೆಯವರು ಅಂತ ಕಣ್ಣು ತುಂಬಿಕೊಂಡರು.

ಒಮ್ಮೆ ಸುಲಭವಾದ ಸುಳ್ಳು ಮತ್ತೆ ಕಷ್ಟವಾಗುವುದಿಲ್ಲ. ಅಂದಿನಿಂದ ಪ್ರತಿ ಬ್ಯಾಚಿಗೂ ಬಿಳಿ ಕೋಟು ಕಡ್ಡಾಯ ಮಾಡಿದೆ. ‘ನಾನು ಕಲಿಯುವವಳು’ ಅಂತ ಅವರು ಅಂದಾಗಲೆಲ್ಲ ನಾನು ‘ಡಾಕ್ಟರ್’ ಅಂದೆ. ನಿಮ್ಮ ಬಬಲೇಶ್ವರದ ಇನಾಮದಾರ ಡಾಕ್ಟರ್ ಒಬ್ಬರೇ ಒಂದು ಸಲ ಕನ್ನಡಕದ ಮೇಲಿಂದ ನೋಡಿ, “ಕಲಿಯಾಕ ಬಂದಾರಂತ ಖರೇನ ಹೇಳ್ರಲ್ಲ, ಅದ್ರಾಗ ಏನ್ ಹೋಗ್ತೈತಿ?” ಅಂದಿದ್ದರು. ನಾನು ಹಲ್ಲು ಕಿರಿದು ಮಾತು ಹಾರಿಸಿದೆ. ಊರಿಗೆಲ್ಲ ಬುದ್ಧಿವಂತ ನಾನು.

ಆ ದಿನದ್ದು ನಿಮಗೂ ನೆನಪಿದೆ. ಆದರೆ ನಿಮಗೆ ಗೊತ್ತಿರುವುದು ಅರ್ಧ.

ನೀವು ಸಾರವಾಡದಿಂದ ಬಸ್ಸಿಗೆ ಬಬಲೇಶ್ವರಕ್ಕೆ, ಇನಾಮದಾರ ಡಾಕ್ಟರರ ಹತ್ತಿರ ಬಂದಿದ್ದಿರಿ. ಬಲಗಾಲಿನ ಹಿಮ್ಮಡಿಯಲ್ಲಿ ಗಾಯ. ಸಕ್ಕರೆ ಕಾಯಿಲೆ ಇತ್ತು, ನೋವು ಗೊತ್ತಾಗಿರಲಿಲ್ಲ. ಹೊಲಿಗೆ ಯಂತ್ರ ತುಳಿದು ತುಳಿದು ಅದು ಒಳಗೊಳಗೇ ಬೆಳೆದಿತ್ತು. ಡಾಕ್ಟರ್ ಒತ್ತಿ ನೋಡಿದರು, ಮೂಸಿಯೂ ನೋಡಿದರು, ಮುಖ ಗಂಟಿಕ್ಕಿದರು. “ಇವತ್ತ ಹೋಗಿ ವಿಜಯಪುರದಾಗ ದೊಡ್ಡ ಆಸ್ಪತ್ರಿಗೆ ಅಡ್ಮಿಟ್ ಆಗ್ರಿ ಅಕ್ಕಾರ. ನಾಳಿ ಅನಬ್ಯಾಡ್ರಿ. ಇದು ಆಟ ಅಲ್ಲ” ಅಂದರು. ಅಷ್ಟರಲ್ಲಿ ಜ್ವರಕ್ಕೆ ಮೈ ಸೆಟೆದ ಒಂದು ಕೂಸನ್ನು ಎತ್ತಿಕೊಂಡು ಯಾರೋ ಬಂದರು, ಡಾಕ್ಟರ್ ಆ ಕೋಣೆಗೆ ಓಡಿದರು. ಉಳಿದವರು ನೀವು, ನಾನು, ಹ್ಯಾನಾ.

ಹ್ಯಾನಾ ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಸಣ್ಣವಳು. ಮೆಡಿಕಲ್ ಕಾಲೇಜಿನ ಬಾಗಿಲನ್ನೂ ಕಂಡಿರಲಿಲ್ಲ. ನೀವು ಅವಳ ಕೈ ಹಿಡಿದುಕೊಂಡಿರಿ. ಮದುವೆಗಳ ಕಾಲ, ಮನೆ ತುಂಬ ಹೊಲಿಯಬೇಕಾದ ಜನರ ಜಂಪರುಗಳು, ಮಾತು ಕೊಟ್ಟಾಗಿದೆ — ಅದನ್ನೆಲ್ಲ ಅವಳಿಗೆ ಹೇಳಿದಿರಿ, ಕನ್ನಡ ಬಲ್ಲವಳ ಹಾಗೆ ಅವಳೂ ಕೇಳಿದಳು. ಕೊನೆಗೆ ಅಂದಿರಿ, “ಯವ್ವಾ, ಅಷ್ಟು ದೂರದಿಂದ ಬಂದ ದೊಡ್ಡ ಡಾಕ್ಟರ್ ನೀನು. ನೀ ಹೇಳಿಬಿಡು. ನಾ ಹೋಗಾಕಽ ಬೇಕೇನು?”

ಅವಳು ನನ್ನ ಮುಖ ನೋಡಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಆಸ್ಪತ್ರೆಗೆ ಹೋಗಲೇಬೇಕಾ ಅಂತ ನಿನ್ನನ್ನು ಕೇಳುತ್ತಿದ್ದಾಳೆ. ಹುಡುಗಿ ಬೆಚ್ಚಿಬಿದ್ದಳು. ಎರಡೂ ಕೈ ಆಡಿಸುತ್ತ, ಗೋಣು ಜೋರಾಗಿ ಅಲ್ಲಾಡಿಸುತ್ತ — ಅಲ್ಲ, ಅಲ್ಲ, ನಾನು ಡಾಕ್ಟರ್ ಅಲ್ಲ, ಬರೀ ವಿದ್ಯಾರ್ಥಿನಿ ಅಂತ ಹೇಳಿ ಅವರಿಗೆ, ಡಾಕ್ಟರ್ ಹೇಳಿದ ಹಾಗೆ ಇವತ್ತೇ ಹೋಗಲಿ — ಅಂದಳು.

ನೀವು ನೋಡಿದ್ದು ಆ ಗೋಣನ್ನು. ನಿಮ್ಮ ಮುಖ ಅರಳಿತು. ನನ್ನ ಕಡೆ ತಿರುಗಿ ಕೇಳಿದಿರಿ.

“ಹೋಗೂದು ಬ್ಯಾಡ ಅಂತಾರೇನ್ರಿ ಸರ್ರ?”

ಕಸ್ತೂರಕ್ಕ, ಅಲ್ಲಿ ನನಗೆ ಸಮಯವಿತ್ತು. ಜಾಸ್ತಿ ಅಲ್ಲ, ಆದರೆ ಸಾಕಾಗುವಷ್ಟು ಇತ್ತು. ಅಲ್ಲ ಅನ್ನಬೇಕಾದರೆ ಆ ಹುಡುಗಿ ಯಾಕೆ ಗೋಣು ಅಲ್ಲಾಡಿಸಿದಳು ಅಂತ ಹೇಳಬೇಕಿತ್ತು. ಅದನ್ನು ಹೇಳಿದರೆ ಅವಳು ಡಾಕ್ಟರ್ ಅಲ್ಲ ಅನ್ನಬೇಕಿತ್ತು. ಬಾಗಿಲು ತೆರೆದಿತ್ತು, ಹೊರಗೆ ಬೆಂಚಿನ ತುಂಬ ಜನ. ಸಂಜೆಯೊಳಗೆ ಬಬಲೇಶ್ವರಕ್ಕೆಲ್ಲ ಸುದ್ದಿ, ಮರುದಿನ ತಿಕೋಟಾಕ್ಕೆ — ಅಷ್ಟು ದಿನ ಬಂದವರೆಲ್ಲ ಡಾಕ್ಟರರಲ್ಲ, ಫಾರಿನ್ ಸರ್ ಸುಳ್ಳುಗಾರ — ಇದೆಲ್ಲ ನನ್ನ ಕಣ್ಣ ಮುಂದೆ ಬಂತು. ನಿಮ್ಮ ಕಾಲು ಬರಲಿಲ್ಲ.

“ಹ್ಞೂಂ” ಅಂದೆ. ಅದು ಸಾಲದೆಂಬಂತೆ, “ಅಂಜಬ್ಯಾಡ್ರಿ ಅಂತಾರ” ಅಂತ ಸೇರಿಸಿದೆ.

ಹೇಳಿದಿರಾ ಅಂತ ಹ್ಯಾನಾ ಕೇಳಿದಳು. ಹೇಳಿದೆ ಅಂದೆ. ನೀವು ಅವಳ ಗಲ್ಲ ಸವರಿ ನೆಟಿಗೆ ಮುರಿದಿರಿ. ಒಂದೇ ನಿಮಿಷದಲ್ಲಿ ಎರಡು ಭಾಷೆಯಲ್ಲಿ ಇಬ್ಬರಿಗೆ ಮೋಸ ಮಾಡಿದೆ, ಇಬ್ಬರೂ ನನಗೆ ಧನ್ಯವಾದ ಹೇಳಿದಿರಿ.

ಡಾಕ್ಟರ್ ತಿರುಗಿ ಬಂದು “ಹೊಂಟ್ರ್ಯಾ ಅಕ್ಕಾರ?” ಅಂದಾಗ ನೀವು ಅವರಿಗೆ ಬೇಸರವಾಗಬಾರದೆಂದು ತಲೆ ತೂಗಿ ಹೊರಟಿರಿ. ನಾನೂ ಸುಮ್ಮನೆ ನಿಂತಿದ್ದೆ. ನೀವು ಹತ್ತಿದ್ದು ಸಾರವಾಡದ ಬಸ್ಸು.

ಮುಂದಿನದ್ದು ನನಗೆ ತಡವಾಗಿ ತಿಳಿಯಿತು. ಮದುವೆಗಳು ಮುಗಿಯುವವರೆಗೆ ನೀವು ಯಂತ್ರ ತುಳಿದಿರಿ. ಆಮೇಲೆ ಚಳಿಜ್ವರ, ಕಾಲೆಲ್ಲ ಕಪ್ಪು. ವಿಜಯಪುರಕ್ಕೆ ತರುವಷ್ಟರಲ್ಲಿ ಮೊಣಕಾಲ ಕೆಳಗಿನದ್ದು ಉಳಿಯುವಂತಿರಲಿಲ್ಲ. ನಾನು ಸೇಬು ಹಿಡಿದುಕೊಂಡು ವಾರ್ಡಿಗೆ ಬಂದೆ — ಹೇಳಿಬಿಡಬೇಕು ಅಂತಲೇ ಬಂದೆ, ನಂಬಿದರೆ ನಂಬಿ. ನಿಮ್ಮ ಯಜಮಾನರು ಮಂಚದ ಪಕ್ಕ ನಿಂತು ಬೈಯುತ್ತಿದ್ದರು. “ಡಾಕ್ಟರ್ ಹೇಳಿದ್ದು ಕೇಳಲಿಲ್ಲ ಈಕಿ. ಜಂಪರ್ ಮುಖ್ಯ ಆದ್ವು ಈಕಿಗೆ.” ಮಗಳೂ ಅತ್ತುಕೊಂಡು ಅದನ್ನೇ ಅನ್ನುತ್ತಿದ್ದಳು. ಇನಾಮದಾರ ಡಾಕ್ಟರೂ ಬಂದು ಅದನ್ನೇ ಅಂದು ಹೋಗಿದ್ದರಂತೆ. ನೀವು ಎಲ್ಲ ಬೈಗುಳ ಕೇಳಿಸಿಕೊಂಡಿರಿ. ಯಜಮಾನರು, ಮಗಳು ಚಹಾಕ್ಕೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದಿರಿ.

“ಆ ಹುಡುಗಿಗಿ ಹೇಳಬ್ಯಾಡ್ರಿ ಸರ್ರ. ಪಾಪ, ಸಣ್ಣಾಕಿ, ನೊಂದ್ಕೊಂತಾಳ. ನಾ ಮನ್ಯಾಗೂ ಹೇಳಿಲ್ಲ ಆಕಿ ಹೆಸ್ರು. ನನ್ನ ಹಣೇಬರಾ, ಆಕಿ ಏನ್ ಮಾಡ್ತಾಳ?”

ನಾನು ಸೇಬಿನ ಚೀಲ ಇಟ್ಟು ಎದ್ದು ಬಂದೆ. ನೀವು ಅವಳನ್ನು ಉಳಿಸುತ್ತಿದ್ದೀರಿ ಅಂದುಕೊಂಡಿದ್ದಿರಿ. ಉಳಿದವನು ನಾನು. ಹ್ಯಾನಾ ತನ್ನ ಊರಿಗೆ ಹೋದ ಮೇಲೆ ಹೊಲಿಗೆ ಅಕ್ಕನ ಕಾಲು ಹೇಗಿದೆ ಅಂತ ಬರೆದಿದ್ದಳು. ವಾಸಿಯಾಯಿತು ಅಂತ ಉತ್ತರ ಕೊಟ್ಟೆ. ಅವಳು ಹೂವಿನ ಚಿತ್ರ ಕಳಿಸಿದಳು.

ಅದಾದ ಮೇಲೂ ಕೆಲಸ ಬಿಡಲಿಲ್ಲ ನಾನು. ಸಂಬಳ ಇತ್ತು, ಗೌರವ ಇತ್ತು. ‘ಡಾಕ್ಟರ್’ ಅನ್ನುವಾಗ ಮಾತ್ರ ನಾಲಗೆ ತಡವರಿಸುತ್ತಿತ್ತು. ಒಂದು ದಿನ ಆ ಶಬ್ದ ಬರಲೇ ಇಲ್ಲ. ಮತ್ತೆ ತಿಕೋಟಾ. ಉಬ್ಬಸದ ಒಬ್ಬ ಮುದುಕಿ, ನನ್ನೊಂದಿಗೆ ಹೊಸ ಬ್ಯಾಚಿನ ಇಬ್ಬರು. ಯಾರು ಇವರು ಅಂತ ಕೇಳಿದಳು. “ಡಾಕ್ಟರ್ ಅಲ್ಲ ಬೇ, ಇನ್ನೂ ಕಲಿಯಾಕತ್ತಾರ. ನೀವು ಬ್ಯಾಡ ಅಂದ್ರ ಹೊರಗ ಹೋಗ್ತಾರ” ಅಂದೆ. ಅಂದು ಕಣ್ಣು ಮುಚ್ಚಿದೆ — ಬೈಗುಳ ಬರಲಿ ಅಂತ.

“ಕಲಿಯೂ ಮಕ್ಕಳೇನು? ಯಾಕ ಹೊರಗ ಹೋಗ್ತಾವ, ಬಾ ಯಪ್ಪಾ, ಸನೇಕ ಬಾ. ನನ್ನ ನೋಡಿ ಕಲಿಯದ ಮತ್ಯಾರ್ನ ನೋಡಿ ಕಲೀತೀರಿ?” ಅಂದಳು ಮುದುಕಿ. ಎದೆ ಹೇಗೆ ಸಿಳ್ಳೆ ಹೊಡೆಯುತ್ತದೆ ಅಂತ ಅವರಿಗೆ ಕೇಳಿಸಲು ಉಸಿರು ಜೋರಾಗಿ ಎಳೆದು ತೋರಿಸಿದಳು.

ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಅತ್ತೆ. ಆಮೇಲೆ ಎಷ್ಟೋ ಮಂದಿಗೆ ನಿಜವನ್ನೇ ಹೇಳಿದೆ. ಕೆಲವರು ಬೇಡ ಅಂದರು, ಮಕ್ಕಳು ಹೊರಗೆ ಹೋದರು, ಆಕಾಶವೇನೂ ಬೀಳಲಿಲ್ಲ. ಬಹಳಷ್ಟು ಮಂದಿ ಹತ್ತಿರ ಕರೆದರು. ನಿಜ ಹೇಳಿದ್ದರೆ ನೀವೂ ಕರೆಯುತ್ತಿದ್ದಿರಿ, ಕಸ್ತೂರಕ್ಕ. ಕಲಿಯುವ ಹುಡುಗಿ ಅಂತ ಗೊತ್ತಿದ್ದರೂ ನೀವು ಅವಳ ಕೈ ಹಿಡಿಯುತ್ತಿದ್ದಿರಿ, ಜಂಪರಿನ ಕಥೆ ಹೇಳುತ್ತಿದ್ದಿರಿ. ಆಸ್ಪತ್ರೆಗೆ ಹೋಗಬೇಕಾ ಅಂತ ಮಾತ್ರ ಅವಳನ್ನು ಕೇಳುತ್ತಿರಲಿಲ್ಲ. ಯಾವ ಅವಮಾನಕ್ಕೆ ಹೆದರಿ ನಿಮ್ಮ ಕಾಲು ಕಳೆದೆನೋ, ಆ ಅವಮಾನ ಎಲ್ಲೂ ಇರಲೇ ಇಲ್ಲ. ಇದನ್ನು ತಿಳಿದು ಬದುಕುವುದು — ಇರಲಿ, ಅದು ನನ್ನ ಪಾಡು.

ಹ್ಯಾನಾಳಿಗೆ ಮೊನ್ನೆ ಎಲ್ಲ ಬರೆದೆ. ಉತ್ತರ ಬಂದಿಲ್ಲ, ಬರಬೇಕೆಂದೂ ಇಲ್ಲ. ಸಂಸ್ಥೆಗೂ ತಿಳಿಸಿದೆ, ಆಫೀಸಿನ ಬೀಗದ ಕೈ ಕೊಟ್ಟೆ. ನಿನ್ನೆ ಬಬಲೇಶ್ವರಕ್ಕೆ ಹೋಗಿ ಇನಾಮದಾರ ಡಾಕ್ಟರರ ಮುಂದೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅಂದರು, “ಆಕಿ ಬಂದಾಗೊಮ್ಮೆ ಬೈದೇನ್ರಿ ನಾನು. ಮಂದಿ ಮುಂದ ಬೈದೇನಿ. ಹಠಮಾರಿ ಹೆಂಗಸು, ಹೇಳಿದ್ದು ಕೇಳೂದಿಲ್ಲ ಅಂತ ಉಳದವ್ರಿಗೆ ಆಕಿನ್ನ ತೋರ್ಸಿ ಬುದ್ಧಿ ಹೇಳೇನಿ.” ಕ್ಷಮಿಸಿ ಅಂದೆ. “ನನಗ ಯಾಕ ಹೇಳ್ತೀರಿ?” ಅಂದರು.

ಹೌದು. ಅದಕ್ಕೇ ಇದು.

ಈ ಕಾಗದ ನಿಮ್ಮ ಕೈ ಸೇರಿದ ಮೇಲೆ ಬರುವ ಗುರುವಾರ ನಾನು ಸಾರವಾಡಕ್ಕೆ ಬರುತ್ತೇನೆ. ಪೊಲೀಸರಿಗೆ ಹೇಳುವುದಾದರೆ ಹೇಳಿ, ಎಲ್ಲಿಗೆ ಕರೆದರೂ ಬಂದು ಇದನ್ನೇ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ನಿಮ್ಮ ಯಜಮಾನರನ್ನು, ಮಗಳನ್ನು, ಓಣಿಯ ನಾಲ್ಕು ಮಂದಿಯನ್ನು ಕಟ್ಟೆಯ ಮೇಲೆ ಕೂರಿಸಿರಿ. ಅವರೆಲ್ಲರ ಎದುರಿಗೆ ನಿಂತು ಹೇಳಬೇಕಾದದ್ದು ನನಗೆ ಇಷ್ಟೇ ಇದೆ: ಕಸ್ತೂರಕ್ಕ ಮಾತು ಕೇಳದ ಹೆಂಗಸಲ್ಲ. ಕೇಳಿದಳು. ನನ್ನ ಮಾತು ಕೇಳಿದಳು.