ಅಧ್ಯಕ್ಷರು ಎದ್ದುಹೋದ ಮೇಲೆ ನಡೆದ ಸಭೆ

ಮೂವತ್ತರ ದಶಕದಲ್ಲಿ ಧಾರವಾಡದ ನಮ್ಮ ಓಣಿಯ ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ಅಕ್ಷರ ಬಾರದವರಿಗೆ ಓದು ಕಲಿಸುವುದು ಅದರ ಕೆಲಸ. ಮದುವೆಗೆ ಮುಂಚೆ ಶಾಲೆಯಲ್ಲಿ ಕಲಿಸಿದ್ದ ನಾನು ಕಾರ್ಯದರ್ಶಿ. ಸದಸ್ಯರೆಲ್ಲ ಹೆಂಗಸರು, ಅಧ್ಯಕ್ಷರು ಮಾತ್ರ ಒಬ್ಬ ವಕೀಲರು. ಸಭೆ ನಡೆಸುವುದೆಂದರೆ ಅಡಿಗೆ ಮಾಡಿದಂತಲ್ಲ ಎಂದು ಹೇಳಿ ತಾವೇ ಕುರ್ಚಿ ಹಿಡಿದವರು. ಸಭೆ ಕೂಡುತ್ತಿದ್ದದ್ದೂ ಅವರ ಮನೆಯ ಪಡಸಾಲೆಯಲ್ಲೇ.

ಆ ವರ್ಷ ಗೊತ್ತುಮಾಡಬೇಕಿದ್ದದ್ದು ಒಂದೇ ವಿಷಯ, ತರಗತಿಯ ಹೊತ್ತು. ವಕೀಲರು ಅದನ್ನು ಸಂಜೆಗೆ ಇಟ್ಟಿದ್ದರು. ಕೋರ್ಟಿನಿಂದ ಬಂದ ಮೇಲೆ ಸ್ನೇಹಿತರನ್ನು ಕರೆತಂದು ತರಗತಿ ತೋರಿಸಲು ಅದು ಅನುಕೂಲ. ಒಲೆ ಹೊತ್ತಿಸುವ ವೇಳೆಗೆ ಯಾವ ಹೆಂಗಸು ಪಾಟಿ ಹಿಡಿದು ಬಂದಾಳು? ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ ತರಗತಿ ಇಡಬೇಕೆಂದು ಹಲವರು ನನಗೆ ಹೇಳಿದ್ದರು. ಸಭೆಯಲ್ಲಿ ಇದೇ ವಿಷಯ ಬರುತ್ತದೆಂದು ನಾನು ಮನೆಮನೆಗೆ ಹೋಗಿ ತಿಳಿಸಿದ್ದೆ.

ವಕೀಲರು ಸ್ತ್ರೀಯರ ಮಹಿಮೆಯ ಬಗ್ಗೆ ಭಾಷಣ ಮಾಡಿದರು. ನಮ್ಮ ಮಕ್ಕಳು ಮನೆಯಲ್ಲಿ ಹಸಿದು ಕಾಯುವಷ್ಟು ಹೊತ್ತು ಮಾಡಿದರು. ಆಮೇಲೆ ಒಂದೇ ಉಸಿರಿನಲ್ಲಿ, "ತರಗತಿ ಈಗಿನ ಹೊತ್ತಿಗೇ ನಡೀತದ. ಸರ್ವಾನುಮತ ಅಂತ ಬರಕೋವಾ" ಎಂದರು.

ನನಗೆ ಮೈ ಉರಿಯಿತು. ಎದ್ದು ನಿಂತೆ.

"ಯಾರನ್ನೂ ಕೇಳಲಿಲ್ಲರಿ. ಮಾತಾಡೋರು ಮಾತಾಡ್ಲಿ, ಆಮ್ಯಾಲೆ ಕೈ ಎತ್ತಿಸ್ರಿ."

"ಸುಮ್ಮ ಕೂತಾರಂದ್ರ ಒಪ್ಪಿದಂಗ. ಕೂಡ್ರವಾ."

"ಕೇಳದ ಹೆಂಗ್ ಒಪ್ತಾರ್ರಿ?"

"ಸಭಾ ಮುಗೀತು" ಎಂದು ಅವರು ರುಮಾಲು ಸುತ್ತಿಕೊಂಡು ತಿರುಗಾಡಲು ಹೊರಟೇಬಿಟ್ಟರು.

ಹೆಂಗಸರು ಸೆರಗು ಸರಿಮಾಡಿಕೊಂಡು ಏಳತೊಡಗಿದರು. "ಕೂಡ್ರಿ, ಸಭಾ ಸದಸ್ಯರದು. ನಮ್ಮೊಳಗ ಒಬ್ಬರು ನಡಸ್ರಿ" ಎಂದೆ. ಯಾರೂ ಮುಂದೆ ಬರಲಿಲ್ಲ. ಕೊನೆಗೆ, ಸದಸ್ಯೆಯಾಗಿ ನಮ್ಮ ನಡುವೆಯೇ ಕೂತಿದ್ದ ವಕೀಲರ ಹೆಂಡತಿಯೇ ಎದ್ದರು. ಕುರ್ಚಿಯನ್ನು ಗೋಡೆಗೆ ಸರಿಸಿ, ಜಮಖಾನೆಯ ಮೇಲೆ ನಮ್ಮೆದುರು ಕೂತರು.

"ನಾ ನಡಸ್ತೇನಿ" ಎಂದರು.

ಅವರು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಿದರೆ ತಡೆದರು. ಅತ್ತೆ ಮಲಗುವ ವೇಳೆಗೆ ಮನೆ ನೋಡಿಕೊಳ್ಳುವವರಿಲ್ಲ, ಹೊರಬೀಳಲಾಗದೆಂದು ಇಬ್ಬರು ಮಧ್ಯಾಹ್ನ ಬೇಡವೆಂದರು. ಅದನ್ನೂ ಪೂರ್ತಿ ಕೇಳಿದರು. ಉಳಿದವರೆಲ್ಲ ಕೈ ಎತ್ತಿದರು. ಹೊತ್ತು ಬದಲಾಯಿತು. ಅಷ್ಟೂ ಕೆಲಸಕ್ಕೆ ವಕೀಲರ ಪೀಠಿಕೆಯಷ್ಟು ಸಮಯವೂ ಹಿಡಿಯಲಿಲ್ಲ.

ಮುಂದಿನ ವಾರ ಊರಿನ ಪತ್ರಿಕೆಯಲ್ಲಿ ಸುದ್ದಿ ಬಂತು: ವಕೀಲರ ಸಮರ್ಥ ಅಧ್ಯಕ್ಷತೆಯಲ್ಲಿ, ತರಗತಿಯನ್ನು ಮಧ್ಯಾಹ್ನಕ್ಕೆ ಬದಲಿಸುವ ಸರ್ವಾನುಮತದ ನಿರ್ಣಯ. ಪತ್ರಿಕೆಯ ಕಚೇರಿಗೇ ಹೋಗಿ, ಸುಳ್ಳನ್ನು ತಿದ್ದಿರೆಂದೆ. ಸಂಪಾದಕರು ನಕ್ಕು, "ಹೆಸರು ಯಾರದಿದ್ದರೇನ್ರಿ ಅಕ್ಕೋರ, ಕೆಲಸಾ ಆತಲ್ಲ" ಎಂದರು. ನಡೆಸಿದವರ ಹೆಸರನ್ನು ನುಂಗಿದ್ದಲ್ಲದೆ, ಧೈರ್ಯವಾಗಿ ಬೇಡವೆಂದ ಆ ಇಬ್ಬರ ಮಾತನ್ನೂ ಅಳಿಸಿದ್ದರಲ್ಲ! ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮುಂದಿನ ಸಭೆಯನ್ನು ಅರಳೆ ವ್ಯಾಪಾರಿಯೊಬ್ಬರ ಮನೆಯ ಹಿತ್ತಲ ಕೋಣೆಯಲ್ಲಿ ಕೂಡಿಸಿದೆವು. ವಕೀಲರ ಹೆಂಡತಿಯನ್ನೇ ಕೈ ಎತ್ತಿ ಅಧ್ಯಕ್ಷೆಯಾಗಿ ಆರಿಸಿದೆವು. ವಕೀಲರಿಗೆ ಹೇಳಿಕಳಿಸಲಿಲ್ಲ.