ಗೋಡೆಯೊಳಗಿನ ಗಾಳಿದಾರಿ

ನಮ್ಮವರ ಫೋಟೋದ ಮುಂದೆ ಊದುಬತ್ತಿ ಹಚ್ಚಿಟ್ಟು ಕೈಮುಗಿಯುವಾಗಲೂ ನನ್ನ ಕಣ್ಣು ಹೋಗುವುದು ಹೊಗೆಯ ಕಡೆಗೇ. ಬೆಳಿಗ್ಗೆ ಅದು ಅಡುಗೆಮನೆಯ ಕಡೆ ಬಾಗುತ್ತದೆ. ಬೀದಿಬಾಗಿಲು ತೆರೆದರೆ ನೇರ ಹಿತ್ತಲಿಗೆ ಓಡುತ್ತದೆ. ಎಲ್ಲ ಮುಚ್ಚಿದ್ದರೂ ಒಂದೊಂದು ದಿನ ಅಲುಗುತ್ತದೆ. ಆಗ ಎದ್ದು, ಗಾಳಿ ಎಲ್ಲಿಂದ ಬಂತು ಎಂದು ಹುಡುಕುತ್ತೇನೆ. ಗಂಡ ಹೋಗಿ ಇನ್ನೂ ವರ್ಷ ತುಂಬಿಲ್ಲ, ಇವಳೇನು ಹೊಗೆ ನೋಡಿಕೊಂಡು ಕೂತಿದ್ದಾಳೆ ಎಂದು ಬಂದವರು ಅಂದುಕೊಳ್ಳುತ್ತಾರೋ ಏನೋ. ಈ ಚಾಳಿ ಹತ್ತಿಸಿದವರು ನಮ್ಮವರೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿಳಿಗೆರೆ ಕಡೆಯ ಒಂದು ಹಳ್ಳಿಯಲ್ಲಿ ನಮ್ಮವರು ಮೇಷ್ಟರಾಗಿದ್ದರು. ಸ್ಕೂಲು ನಡೆಯುತ್ತಿದ್ದುದು ಹಿಂದೆ ಯಾವನೋ ಕೊಬ್ಬರಿ ವ್ಯಾಪಾರಿ ಕಟ್ಟಿಸಿದ್ದ ಮನೆಯಲ್ಲಿ. ಕೆಳಗೆ ಉದ್ದನೆಯ ಹಜಾರ, ಅದರ ಮೇಲೆ ಅಷ್ಟಗಲಕ್ಕೂ ಅಟ್ಟ, ಅಟ್ಟದ ಮೇಲೆ ಹೆಂಚು. ಕಳ್ಳರ ಭಯಕ್ಕೆ ಕಿಟಕಿಗಳನ್ನು ಸಣ್ಣದಾಗಿ ಇಡಿಸಿದ್ದ. ಗೋಡೆಯ ಬುಡದಲ್ಲಿ ಮಾತ್ರ ಅಲ್ಲಲ್ಲಿ ಬೆಕ್ಕು ನುಸುಳುವಷ್ಟು ದೊಡ್ಡ ಕಿಂಡಿಗಳಿದ್ದವು. ಗಾಳಿ ಜೋರಾದಾಗ ಅವುಗಳಿಂದ ಕರಿ ಹಾರಿ ಮಕ್ಕಳ ಪುಸ್ತಕದ ಮೇಲೆ ಬೀಳುತ್ತಿತ್ತೆಂದು ಯಾರೋ ಗೋಣಿತಾಟು ತುರುಕಿ ಮಣ್ಣು ಮೆತ್ತಿದ್ದರು.

ನಮ್ಮ ಮಗಳು ಅದೇ ಸ್ಕೂಲಿನಲ್ಲಿ ಮೂರನೇ ಕ್ಲಾಸು ಮುಗಿಸಿದ್ದಳು. ತೋಟದಲ್ಲಿ ಜಿಂಕೆಯ ಹಾಗೆ ಓಡಾಡುವ ಹುಡುಗಿ, ಆ ಹಜಾರದಲ್ಲಿ ಕೂತರೆ ಮಧ್ಯಾಹ್ನದೊಳಗೆ ಉಬ್ಬಸ. ತಿಪಟೂರಿನ ಡಾಕ್ಟರು ಎದೆ ನೋಡಿ, "ಆ ಕೋಣೆಗೆ ಗಾಳಿ ಆಡೋ ಹಾಗೆ ಮಾಡಿ, ಇಲ್ಲಾಂದ್ರೆ ಮಗೂನ ಸ್ಕೂಲು ಬಿಡಿಸಿ" ಎಂದರು. ನಮ್ಮತ್ತೆ ಎರಡನೆಯ ಮಾತನ್ನೇ ಗಟ್ಟಿಯಾಗಿ ಹಿಡಿದರು. "ಉಸ್ರು ಇದ್ರೆ ತಾನೇ ಓದು. ಬುಡ್ಸು ಅತ್ಲಾಗೆ." ಅಷ್ಟು ಚಿಕ್ಕವಳನ್ನು ಬಸ್ಸು ಹತ್ತಿಸಿ ಬೇರೆ ಸ್ಕೂಲಿಗೆ ಕಳಿಸುವ ಹಾಗಿರಲಿಲ್ಲ. ಏನು ಮಾಡಿದರೂ ಬೇಸಿಗೆ ರಜೆಯೊಳಗೇ ಆಗಬೇಕಿತ್ತು.

ರಜೆಯ ಒಂದು ಬೆಳಿಗ್ಗೆ ನಮ್ಮವರು ಊದುಬತ್ತಿ ಪೊಟ್ಟಣ ಹಿಡಿದು ಹೊರಟರು. ನಾನೂ ಹೋದೆ. ಒಂದು ಕಿಂಡಿಯ ತಾಟು ಕಿತ್ತು ಅದರ ಬಾಯಿಗೆ ಊದುಬತ್ತಿ ಹಿಡಿದರು. ಹೊಗೆ ಒಳಗೆ ಹೋಗದೆ ನೆಟ್ಟಗೆ ಮೇಲೇರಿತು. ಇನ್ನೊಂದಕ್ಕೆ ಹಿಡಿದರು. ಅಲ್ಲೂ ಹಾಗೇ.

"ಈ ತೂತು ಹೋಗೋದಾದ್ರೂ ಎಲ್ಲಿಗೆ?" ಎಂದೆ.

"ಕೇಳೋಣ ಇರು" ಎಂದು ಬೆರಳ ಗೆಣ್ಣಿನಿಂದ ಗೋಡೆ ಬಡಿಯತೊಡಗಿದರು. ಸಂತೆಯಲ್ಲಿ ಮಡಕೆ ಬಡಿದು ನೋಡುತ್ತೇವಲ್ಲ, ಹಾಗೆ. ಟೊಳ್ಳು ಸದ್ದು ಬಂದಲ್ಲೆಲ್ಲ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆ ಮೇಲೆ ಹೋಗಿ, ಕಿಟಕಿಯ ಪಕ್ಕ ಸೊಟ್ಟಗೆ ತಿರುಗಿ, ಅಟ್ಟ ಮುಟ್ಟಿತು. ಗೋಡೆಯ ಹೊಟ್ಟೆಯೊಳಗೊಂದು ದಾರಿ! ಅಷ್ಟು ವರ್ಷ ಅದಕ್ಕೆ ಬೆನ್ನು ಕೊಟ್ಟು ಪಾಠ ಹೇಳಿದ್ದೇನಲ್ಲ ಎಂದು ಅವರಿಗೆ ನಗು.

ಅಷ್ಟರಲ್ಲಿ ಸ್ಕೂಲ್ ಕಮಿಟಿಯ ಯಜಮಾನರು ಬಂದರು. ಸ್ಕೂಲಿನ ತೆಂಗಿನ ಗಿಡಗಳ ಉಸ್ತುವಾರಿ ಅವರದೇ.

"ಏನ್ ಮೇಷ್ಟ್ರೇ, ಗೋಡೆಗೂ ಪೂಜೆ ಸುರು ಮಾಡ್ಬುಟ್ರಾ? ಮಂಗ್ಳಾರತಿ ಎಷ್ಟೊತ್ಗೆ?"

"ದೇವ್ರು ಉಸಿರು ಬಿಟ್ಮೇಲೆ, ಯಜಮಾನ್ರೇ."

ಗೆರೆ ನೋಡಿ ಯಜಮಾನರಿಗೂ ನೆನಪು ಬಂತು. ವ್ಯಾಪಾರಿ ಮಳೆಗಾಲದಲ್ಲಿ ಆ ಕಿಂಡಿಗಳ ಬಾಯಲ್ಲಿ ತೆಂಗಿನ ಮಟ್ಟೆಯ ಹೊಗೆ ಹಾಕುತ್ತಿದ್ದನಂತೆ. ಬಿಸಿ ಗೋಡೆಯೊಳಗೇ ಹತ್ತಿ ಅಟ್ಟದ ಕಾಯಿಗಳನ್ನು ಬೆಚ್ಚಗಿಡುತ್ತಿತ್ತಂತೆ. "ಹಾಗಾದ್ರೆ ಮೇಲಿನ ಬಾಯಿ ತೆಗೆದು ಗುಡಿಸಿಬಿಡೋಣ" ಎಂದರು ನಮ್ಮವರು. ಯಜಮಾನರ ಮುಖ ಬಿಗಿಯಿತು.

ಅಟ್ಟದ ತುಂಬ ಕಾಯಿ. ನಮ್ಮ ಕಡೆ ಅಟ್ಟವನ್ನು ಯಾರೂ ಖಾಲಿ ಬಿಡುವುದಿಲ್ಲ, ಸ್ಕೂಲಿನದಾದರೇನು. ಸ್ಕೂಲಿನ ಕಾಯಿಗಳನ್ನು ಅಲ್ಲೇ ಗೋಡೆಯಿಂದ ಗೋಡೆಗೆ ಒಟ್ಟುತ್ತಿದ್ದರು. ಒಮ್ಮೆ ಒಟ್ಟಿದ ಮೇಲೆ, ಒಳಗೆ ನೀರು ಹಿಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ಕೆಳಗಿಳಿಸುವ ಹಾಗಿಲ್ಲ.

"ಅಟ್ಟ ಹತ್ತಿದ ಕಾಯಿ ಬಸುರಿ ಹೆಂಗ್ಸು ಇದ್ದಂಗೆ ಕಣ್ರೀ. ಅಲುಗಿಸ್ಬಾರ್ದು. ದೀಪಾವಳಿ ಕಳೀಲಿ, ನೋಡುವಾ."

ದೀಪಾವಳಿಯ ಹೊತ್ತಿಗೆ ನನ್ನ ಮಗಳು ಸ್ಕೂಲು ಮರೆತಿರುತ್ತಿದ್ದಳು. ನಮ್ಮವರು ಮನೆಗೆ ಬಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ. ತಟ್ಟೆ ತೆಗೆಯುವಾಗ ನನಗೆ ಶೆಟ್ಟಿಕೆರೆಯ ನಮ್ಮ ತವರಿನ ಅಟ್ಟ ನೆನಪಾಯಿತು. ಒಂದು ವರ್ಷ ಇಲಿಯ ಕಾಟಕ್ಕೆ ಅಟ್ಟದ ಒಂದು ಬದಿಯ ಸಂದಿಗಳಿಗೆ ನಾರು ತುರುಕಿದ್ದೆವು. ಆ ಬದಿಯ ಕಾಯಿಗಳೆಲ್ಲ ಕೊಳೆತಿದ್ದವು.

"ಕಾಯಿಗೂ ಗಾಳಿ ಬೇಕಲ್ಲ ಕಣ್ರೀ?" ಎಂದೆ. ಅವರು ಕೈ ತೊಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

ಮಾರನೆಯ ದಿನ ಯಜಮಾನರನ್ನು ಅಟ್ಟ ಹತ್ತಿಸಿದೆವು. ಒಟ್ಟಿದ ಕಾಯಿ ಇಳಿಸಬಾರದು ನಿಜ, ಆದರೆ ಹದ ತಿಳಿಯಲು ಒಂದೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದಕ್ಕೆ ಅಡ್ಡಿಯಿಲ್ಲ. ಏಣಿಯ ಬಳಿಯ ಕಾಯಿ ಅಲ್ಲಾಡಿಸಿದರು. ತಳದಲ್ಲಿ ಚೂರು ನೀರು ಕುಳುಕಿತು. ಒಣಗುತ್ತಿದೆ, ಸರಿ. "ಈಗ ಗೋಡೆ ಪಕ್ಕದ್ದು" ಎಂದರು ನಮ್ಮವರು. ಯಜಮಾನರು ಅದನ್ನೆತ್ತಿ ಅಲ್ಲಾಡಿಸಿದರು. ಸದ್ದೇ ಇಲ್ಲ. ತಿರುಗಿಸಿದರೆ ಅಡಿ ಕಪ್ಪಾಗಿ ಜಿನುಗುತ್ತಿತ್ತು. ಕೆಳಗೆ ನಿಂತಿದ್ದ ನನಗೂ ನಾತ ಬಡಿಯಿತು.

"ಥತ್! ವರ್ಸಾವರ್ಸಾ ಈ ಬದಿ ಕಾಯಿ ಕೊಳೀತಾವಲ್ಲಾಂತ ತೆಂಗಿನ ಗಿಡಕ್ಕೆ ಬೈತಿದ್ನಲ್ರೀ! ಗೋಡೆ ಬಾಯಿ ನಾನೇ ಮುಚ್ಚಿ ಕುಂತಿವ್ನಿ." ಆ ಕಾಯಿಯನ್ನು ಏಣಿಯ ಕಡೆ ಸರಿಸಿದರು. ಆಮೇಲೆ, "ಗೋಡೆ ಪಕ್ಕದವು ಮಾತ್ರ ಇಳಿಸ್ತೀನಿ. ಮಿಕ್ಕಿದ್ದು ಮುಟ್ಟಂಗಿಲ್ಲ, ಈಗ್ಲೇ ಹೇಳಿವ್ನಿ."

ಹೇಗೆ ಗುಡಿಸುವುದೆಂದು ಕೂತು ಯೋಚನೆ ಮಾಡಿದೆವು. ಬೆಂಚು, ಕರಿಹಲಗೆ ಎಲ್ಲ ಹೊರಗೆ. ಕೆಳಗಿನ ಕಿಂಡಿಗೆ ಒದ್ದೆ ಗೋಣಿ, ಇಲ್ಲದಿದ್ದರೆ ಕೆಟ್ಟ ಧೂಳು ಅದೇ ಹಜಾರದಲ್ಲಿ ಕೂತುಬಿಡುತ್ತದೆ. ನಾರಿನ ಹಗ್ಗದ ತುದಿಗೆ ಕಲ್ಲು, ನಡುವೆ ತೆಂಗಿನ ಕಡ್ಡಿಯ ಕಟ್ಟು. ಯಜಮಾನರು ಮೇಲಿನಿಂದ ಇಳಿಬಿಡುವುದು, ನಮ್ಮವರು ಕೆಳಗಿನಿಂದ ಎಳೆಯುವುದು. ಸೊಟ್ಟ ತಿರುವಿನಲ್ಲಿ ಹಗ್ಗ ಸಿಕ್ಕಿಕೊಂಡಾಗ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುವುದು.

ಮಗಳನ್ನು ಹತ್ತಿರ ಬಿಡಲಿಲ್ಲ. ದೂರದ ಹೊಂಗೆಮರದ ಕೆಳಗೆ ನಿಂತು, ಪ್ರತಿ ಸಲ ಏನಾದರೂ ಬಿದ್ದ ಸದ್ದಿಗೂ "ಏನ್ ಬಂತು?" ಎಂದು ಕೂಗುತ್ತಿದ್ದಳು.

"ಕರಿ!" ಎಂದು ಕೂಗುತ್ತಿದ್ದೆ ನಾನು.

"ಈಗೇನ್ ಬಂತು?"

"ಅಳಿಲು ಕಡಿದ ನಾರು!"

ಗುಬ್ಬಿಗೂಡು ಬಂತು, ಅದರ ಮೇಲೆ ಇನ್ನೊಂದು ಗುಬ್ಬಿಗೂಡು. ಯಾವ ಕಾಲದ ಮಕ್ಕಳೋ ಕಿಂಡಿಗೆ ಹಾಕಿದ್ದ ಬಳಪದ ಚೂರುಗಳು ಬೊಗಸೆ ತುಂಬ ಬಂದವು. ಒಣಗಿದ ಹಲ್ಲಿ ಬಂತು. ನಮ್ಮವರ ಮುಖದಲ್ಲಿ ಹಲ್ಲು, ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿದ್ದು ಕಡಿಮೆ.

ಎಲ್ಲ ತೊಳೆದು, ಸುಣ್ಣ ಬಳಿದು, ಆರಲು ಬಿಟ್ಟು, ಮತ್ತೆ ಊದುಬತ್ತಿ ಹಚ್ಚಿದರು. ಹೊಗೆ ಒಂದು ಕ್ಷಣ ಅನುಮಾನಿಸಿತು. ಆಮೇಲೆ ತಲೆ ಬಗ್ಗಿಸಿ ಕಿಂಡಿಯೊಳಗೆ ಹೋಯಿತು. ನಾವು ಅಟ್ಟದ ಕಡೆ ಕತ್ತೆತ್ತಿದೆವು.

"ಬಂತು ಕಣ್ರೀ!" ಅಟ್ಟದಿಂದ ಯಜಮಾನರ ಕೂಗು. "ಇಲ್ಲಿ ಘಮ್ ಅಂತೈತೆ!"

ಜೂನಿನಲ್ಲಿ ಸ್ಕೂಲು ತೆರೆದ ದಿನ ನಮ್ಮತ್ತೆ ಜಗಲಿ ಬಿಟ್ಟು ಏಳಲಿಲ್ಲ. ಸಾಯಂಕಾಲ ಮಗಳು ಅಪ್ಪನ ಜೊತೆ ಬಂದು, ಚೀಲ ಎಸೆದು, ಹಸಿವು ಎಂದಳು. ಅತ್ತೆ ಅವಳನ್ನು ಎಳೆದುಕೊಂಡು ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. "ಏನೂ ಸದ್ದಿಲ್ಲ ಕಣ್ಲಾ" ಎಂದು ಮಗನಿಗೆ ಹೇಳಿ, ಮೊಮ್ಮಗಳಿಗೆ ರೊಟ್ಟಿ ತರಲು ಎದ್ದರು. ಉಬ್ಬಸ ಪೂರ್ತಿ ಹೋಯಿತೆಂದಲ್ಲ, ಚಳಿಗಾಲದಲ್ಲಿ ಕಾಡುತ್ತಿತ್ತು. ಸ್ಕೂಲು ಮಾತ್ರ ಬಿಡಲಿಲ್ಲ.

ಕೊನೆಯ ದಿನಗಳಲ್ಲಿ ನಮ್ಮವರ ಉಸಿರು ಭಾರವಾಯಿತು. ಆ ಮಗಳೇ ಬಂದು ಅವರನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ಕಿವಿಯಿಡುತ್ತಿದ್ದಳು.

"ಏನ್ ಬಂತು?" ಎಂದು ಕೇಳುತ್ತಿದ್ದರು ಅವರು, ಮೆಲ್ಲಗೆ.

"ಗುಬ್ಬಿಗೂಡು" ಎನ್ನುತ್ತಿದ್ದಳು.